ಕಡಲಿಂದ ಮೂರು ಬೆರಳು ಮೇಲೆ

ಎಂಟಡಿಯದು ಸಾಕು ಅಂದೆ ನಾನು.
ಎಂಟಡಿಗೆ ದಿಲ್ಲಿ ಬರುತ್ತದೆ, ಮದ್ರಾಸು ಬರುತ್ತದೆ,
ಒಂದೊಂದು ರಾತ್ರಿ ಮಾಸ್ಕೋದ ಕುಣಿತವೂ.
ಪಿಯೆದಾದ್ ಬಾಯಿ ಹಿಟ್ಟಿನ ಕೈ ಒರೆಸಿಕೊಂಡು
ಬೇಕರಿಯ ಕಟ್ಟೆಗೆ ನನ್ನ ನಕ್ಷೆಯನ್ನು ಎಳೆದುಕೊಂಡಳು:
"ಬೇಯ್ರಾ ಬರ್ತದೋ?"

ಆಫ್ರಿಕಾದ ಮೇಲೆ
ಈರುಳ್ಳಿ ಕೊಯ್ದಂತೆ ಸುತ್ತಿನೊಳಗೆ ಸುತ್ತು.
ನಡುವಿನ ಸುತ್ತಿಗೆ ಊಟದ ತಟ್ಟೆಯಷ್ಟು ಸಾಕು,
ಆಚೆಯದಕ್ಕೆ ಛತ್ರಿಯಷ್ಟು, ಅದರಾಚೆ ಹತ್ತಡಿ.
ಚುಕ್ಕೆಚುಕ್ಕೆಯ ಕೊನೆಯ ಗೆರೆ
ಅರಬ್ಬೀ ಸಮುದ್ರದ ಮಧ್ಯೆ ಎಲ್ಲೋ ಮುಗಿದಿತ್ತು.
ನಮ್ಮ ಕೋಡಿಬಾಗ ಗೆರೆಯ ಹೊರಗೆ.
ಹೊರಗಿದ್ದವರಿಗೆ ಕಂಪನಿ ಏನನ್ನೂ ಬರೆದುಕೊಡುವುದಿಲ್ಲ.

ಬಿಲ್ ಬುಕ್ಕಿನ ಬೆನ್ನಿಗೆ ಲೆಕ್ಕ ಹಾಕಿ ತೋರಿಸಿದೆ:
ಎಂಟೆಂಟಲೆ ಅರವತ್ತನಾಲ್ಕು,
ಹನ್ನೆರಡು ಹನ್ನೆರಡಲೆ ನೂರಾ ನಲವತ್ತನಾಲ್ಕು.
ಅಗಲ ಒಂದೂವರೆ ಪಟ್ಟಾದರೆ
ಬೊಗಸೆ ಎರಡೂಕಾಲು ಪಟ್ಟು.
ಬೆಲೆ ನಾಲ್ಕು ಪಟ್ಟು, ಅದನ್ನೂ ಹೇಳಿದೆ.
"ಹುದುಗು ಬಂದ ಮೇಲಿನ ಅಳತೆಗೆ
ಪಾತ್ರೆ ಕೊಳ್ಳೋದು ಮಗಾ" ಅಂದಳು,
ಕ್ಯಾಶ್ ಡಬ್ಬಿಯ ತಳದ ಕಾಗದ ಎತ್ತುತ್ತ.

ಏನಿದೆ ಬಾಯಿ, ಅಲ್ಲಿ ನೋಡುವಂಥದು?
ಹತ್ತೊಂಬತ್ತು ತುಂಬಿತ್ತಂತೆ ಹಡಗು ಹತ್ತುವಾಗ,
ಅವಸರ, ಕೂಗಾಟ,
ಹಿತ್ತಲ ತಂತಿಯ ಮೇಲೆ ಬಟ್ಟೆ ಹಾಗೇ ಉಳಿಯಿತಂತೆ.
"ಮಳೆ ಬಂತೋ ಏನೋ, ನೋಡ್ಬೇಕು."
ನಗೆಯಾಡಿದಳು ಅಂದುಕೊಂಡೆ.
ಮುಖ ನೋಡಿ ಹಾಗನ್ನಿಸಲಿಲ್ಲ.

ಹನ್ನೆರಡಡಿಯ ಗಟ್ಟಿ ಅಲ್ಯುಮಿನಿಯಂ ತಂದರೆ
ಜೂನ್ ಗಾಳಿಗೆ ಅದೇ ಹಾಯಿಯಾಗಿ
ಬೇಕರಿಯನ್ನು ಒಲೆಸಮೇತ ಸದಾಶಿವಗಡಕ್ಕೆ ಒಯ್ದೀತು.
ಜಾಲರಿಯದೇ ಆಗಬೇಕು.
ಪಾವ್ ಒಯ್ಯಲು ಬಂದ ಗುಣವಂತ ತಾಂಡೇಲ
ತುಂಡು ಜಾಲರಿಯನ್ನು ಬೆಳಕಿಗೆ ಹಿಡಿದು
ಕಣ್ಣಿನೊಳಗೆ ಕಿರುಬೆರಳು ತೂರಿಸಿದ, ತೂರಲಿಲ್ಲ.
"ಯಾವ ಮೀನಿಗೆ?"
ಅಲೆ ನಾಲ್ಕು ಬೆರಳುದ್ದ, ಅಂದೆ.
"ಹಾಗಾದ್ರೆ ಅಡ್ಡಿಲ್ಲ. ಗಾಳಿ ದಾಟ್ತದೆ, ಶೆಟ್ಲಿ ನಿಲ್ತದೆ."
ಕಂಪನಿಯ ಪುಸ್ತಕದಲ್ಲಿ ಇದೇ ಮಾತಿಗೆ
ಎರಡು ಪುಟ ಹಿಡಿದಿತ್ತು.

ಊರಿನ ಉಳಿದ ಡಿಶ್ಶುಗಳೆಲ್ಲ
ಸೋರುವ ಮಾಡಿನ ಕೆಳಗಿಟ್ಟ ಬೋಗುಣಿಗಳಂತೆ
ಮೇಲೆ ನೋಡುತ್ತವೆ.
ಇದು ಹಾಗಲ್ಲ.
ಇದರ ಉಪಗ್ರಹ ಪಡುವಣದಲ್ಲಿ, ನೀರಿಂದ ಆರೇ ಡಿಗ್ರಿ:
ಕೈ ಚಾಚಿ ಅಡ್ಡ ಹಿಡಿದರೆ ಮೂರು ಬೆರಳು.
ದೇವಗಡದ ದೀಪಕ್ಕಿಂತ ಸ್ವಲ್ಪ ಮೇಲೆ,
ಗಾಳಿಮರದ ತುದಿಗಿಂತ ಕೆಳಗೆ.
ಅದಕ್ಕೇ ತಾರಸಿ, ತಾರಸಿಯ ಮೇಲೊಂದು ಕಟ್ಟೆ,
ಕಟ್ಟೆಯ ಮೇಲೆ ಕಂಬ.

ಮೂರು ಸಂಜೆ ನಟ್ಟು ಸಡಿಲಿಸಿ ಬಿಗಿದೆ.
ಕೂದಲೆಳೆ ಎಡಕ್ಕೆ. ಕೂದಲೆಳೆ ಕೆಳಕ್ಕೆ.
ಕೆಳಗಿಂದ ಅವಳ ಕೂಗು: "ಅವಲಕ್ಕಿ! ಬರೀ ಅವಲಕ್ಕಿ!"
ನಾಲ್ಕನೆಯ ಸಂಜೆ ಕೂಗು ಬರಲಿಲ್ಲ.
ಪಕ್ಕಡ್ ಹಿಡಿದುಕೊಂಡೇ ಇಳಿದು ನೋಡಿದೆ.

ಚುಕ್ಕೆಗಳ ಹಿಂದೆ ಒಬ್ಬ ಮನುಷ್ಯ,
ಕೋಟು ಹಾಕಿದವನು, ದನಿಯಿಲ್ಲ,
ದೇಶದ ಚಿತ್ರದ ಮೇಲೆ ಅಂಗೈ ಆಡಿಸುತ್ತಿದ್ದ.
"ಪುಂಗ್ವೆ" ಅಂದಳು, ನದಿಯ ಹೆಸರಂತೆ,
ಅದರ ಬಾಯಿಯ ಹತ್ತಿರ ಅವನ ಕೈ ನಿಂತಿತು.
ಅಲ್ಲೊಂದು ಮೋಡ ಅಂಟಿಸಿದ್ದರು,
ಮಕ್ಕಳು ಬರೆಯುವಂಥ ಮೋಡ,
ಕೆಳಗೆ ಮೂರು ಓರೆ ಗೆರೆ.

ಅಷ್ಟರಲ್ಲಿ ಸೂರ್ಯ
ಅದೇ ಮೂರು ಬೆರಳಿನ ಜಾಗಕ್ಕೆ ಇಳಿದ.
ಅಕ್ಟೋಬರದ ಮೊದಲ ವಾರ ಹೀಗಾಗುತ್ತದೆ,
ಅವನೆದುರು ಯಾವ ಸಿಗ್ನಲ್ಲೂ ನಿಲ್ಲದು.
ಹತ್ತು ನಿಮಿಷ ಬಿಟ್ಟು ಬರ್ತದೆ ಬಾಯಿ, ಅಂದೆ.
ಅವಳು ಕುರ್ಚಿಯಲ್ಲಿರಲಿಲ್ಲ.

ಬಿಲ್ಲು ಬರೆದೆ. ಹನ್ನೆರಡಡಿ, ಜಾಲರಿ, ಒಂದು.
ಗ್ಯಾರಂಟಿಯ ಸಾಲು ಖಾಲಿ ಬಿಟ್ಟೆ.
ಕಿಟಕಿಯಾಚೆ ಅವಳು
ಬೇಕರಿಯ ಹಿತ್ತಲ ತಂತಿಯಿಂದ
ಒಂದೊಂದೇ ಬಟ್ಟೆ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು,
ಬೇಗ ಬೇಗ.
ಕೋಡಿಬಾಗದ ಮೇಲೆ ಆಗ
ಒಂದು ಚೂರು ಮೋಡವೂ ಇರಲಿಲ್ಲ.