ಮರುಳಯ್ಯ ದೇಗ್ಚಿಗೆ ಕಿವಿಗೊಟ್ಟದ್ದು

ಕುಂಸಿಗೂ ಅರಸಾಳಿಗೂ ನಡುವೆ
ನಮ್ಮದೊಂದು ಗ್ಯಾಂಗ್ ಹಟ್ಟು. ಮೀಟರ್ ಗೇಜ್ ಕಾಲ.
ಗಾಡಿ ಬಂದರೆ ಬಂತು, ಉಳಿದ ಹೊತ್ತು ಹಳಿ
ಬಿಸಿಲು ಕಾಯಿಸಿಕೊಂಡು ಬಿದ್ದಿರುತ್ತಿತ್ತು.

ಸಂಬಳ ಆದ ಭಾನುವಾರ
ಬುಡೇನ್ ಸಾಬರು ಶಿವಮೊಗ್ಗದಿಂದ ಮೊದಲ ಗಾಡಿಗೆ ಇಳಿಯುವರು,
ಕಂಕುಳಲ್ಲಿ ಮುತ್ತುಗದೆಲೆಯ ಗಂಟು.
ಎರಡೂವರೆ ಕೆ.ಜಿ., ಎಲುಬು ಸಮೇತ, ದನದ್ದು.
'ದೊಡ್ಡದು' ಅನ್ನುತ್ತಿದ್ದೆವು, ಅಷ್ಟಕ್ಕೇ ಎಲ್ಲರಿಗೂ ಗೊತ್ತು.
ಟಿ.ಸಿ. ಮೂಗು ಎಳೆದರೆ "ಬಾಳೆದಿಂಡು ಸಾರ್" ಅನ್ನುವರು.
ಟಿ.ಸಿ.ಯೂ ನಗುವನು.

ಒಲೆ ಅಂದರೆ ಎರಡು ತುಂಡು ಹಳಿ,
ಅದರ ಮೇಲೆ ಗಾಡಿಯ ಹಾಗೆ ದೇಗ್ಚಿ.
ಹಳೇ ಸ್ಲೀಪರಿನ ಚಕ್ಕೆ ಬೇಡ, ಟಾರು ನಾರುತ್ತೆ ಅಂತ
ನನ್ನನ್ನು ಮತ್ತಿ ಕಟ್ಟಿಗೆಗೆ ಓಡಿಸುವರು.
ನಾನು ಹೊಸಬ. ಈರುಳ್ಳಿಯೂ ನನ್ನ ಪಾಲಿಗೇ.
ಹದಿನೆಂಟು ಈರುಳ್ಳಿ.
ಅಳುವುದಕ್ಕೆ ಬೇರೆ ಕಾರಣ ಇದ್ದವನಿಗೆ ಒಳ್ಳೆಯ ಕೆಲಸ.

ಈರುಳ್ಳಿ ಬೆಲ್ಲದ ಬಣ್ಣಕ್ಕೆ ತಿರುಗಬೇಕು,
ಜೋನಿಬೆಲ್ಲ, ಅಚ್ಚುಬೆಲ್ಲ ಅಲ್ಲ.
ಮಾಂಸ ಮೊದಲು ನೀರು ಬಿಡಬೇಕು,
ಬಿಟ್ಟ ನೀರನ್ನು ತಾನೇ ಕುಡಿದು
ಡಾಲ್ಡಾದಲ್ಲಿ ಚುರ್ ಅನ್ನಬೇಕು.
ಮುದಿ ಎತ್ತಿನ ತೊಡೆ, ಎಷ್ಟು ಗದ್ದೆ ತುಳಿದಿತ್ತೋ,
ಒಂದು ಹೋಳು ಪರಂಗಿಕಾಯಿಗೆ ಬಗ್ಗುವ ಪೈಕಿಯಲ್ಲ.
ಎರಡು ತಾಸು.
ಇನಾಸ ಲವಂಗ ಎಣಿಸಿ ಹಾಕುವನು,
ಗುತ್ಯಪ್ಪ ಕಾಡುಮೆಣಸು ಎಣಿಸದೆ.
ನಡುವೆ ಇಡೀ ಬೆಳ್ಳುಳ್ಳಿ ಗಡ್ಡೆ, ಸಿಪ್ಪೆಯೊಂದಿಗೆ, ನಾಟಿ ಮಾಡಿದ ಹಾಗೆ.
ಮೇಲೆ ನೆನೆದ ಅಕ್ಕಿ ಹರವಿ
ತೋರುಬೆರಳ ಮೊದಲ ಗೆಣ್ಣಿನ ಮಟ್ಟ ನೀರು.
ಯಾರ ಬೆರಳು ಅನ್ನುವುದೇ ದೊಡ್ಡ ಜಗಳ.
ಇನಾಸನದಾದರೆ ಮುದ್ದೆ,
ನನ್ನದಾದರೆ ಅರೆಬೆಂದ ಕಾಳು.

ಮುಚ್ಚಳಕ್ಕೆ ಹಿಟ್ಟು ಮೆತ್ತಿ ಕೆಂಡ ಹೇರಿದ ಮೇಲೆ
ತೆಗೆದು ನೋಡುವ ಹಾಗಿಲ್ಲ.
ಒಳಗೇನು ನಡೆದಿದೆ, ದೇವರಿಗೆ ಗೊತ್ತು,
ಇಲ್ಲಾ ಮರುಳಯ್ಯನಿಗೆ.

ಮರುಳಯ್ಯ ಕೀಮ್ಯಾನ್. ಕೊರಳಲ್ಲಿ ಬೆಳ್ಳಿ ಕರಡಿಗೆ,
ಹೆಗಲ ಮೇಲೆ ಸುತ್ತಿಗೆ. ಮೊಟ್ಟೆಯನ್ನೂ ಮುಟ್ಟಿದವನಲ್ಲ.
ದಿನಾ ಆರು ಕಿಲೋಮೀಟರು ಹಳಿ ತಟ್ಟುತ್ತ ನಡೆಯುವವ:
ಗಟ್ಟಿ ಹಳಿ ಟಣ್ ಅನ್ನುತ್ತೆ,
ಬಿರುಕು ಬಿಟ್ಟದ್ದು ಕೆಮ್ಮುತ್ತೆ.
ಭಾನುವಾರ, ಗಾಳಿ ಬರುವ ದಿಕ್ಕಿಗೆ ಕೂತು
ರೊಟ್ಟಿ ಗಂಟು ಬಿಚ್ಚುವನು, ಗುರೆಳ್ಳು ಪುಡಿ.
"ಅಯ್ನೋರೇ" ಅಂತ ಬುಡೇನ್ ಸಾಬರು ಕೂಗಿದರೆ
ಗೊಣಗುವನು. ಏಳುವನು. ಬರುವನು,
ಮೂಗಿಗೆ ಟವೆಲು ಕಟ್ಟಿಕೊಂಡು.
ಸೌಟಿನ ಹಿಡಿಯಿಂದ ದೇಗ್ಚಿಯ ಪಕ್ಕೆಗೊಂದು,
ತಳಕ್ಕೊಂದು, ಕಂಠಕ್ಕೊಂದು.
ಕಣ್ಣು ಮುಚ್ಚುವನು.

"ಅಡೀಗೆ ಇನ್ನೂ ನೀರೈತೆ. ಬೀಡಿ ಸೇದಿ ಬರ್ರಿ."
ಮತ್ತೊಮ್ಮೆ ತಟ್ಟಿ,
"ಎಡಕ್ಕೆ ಹೊತ್ತೋ ಹಂಗೈತೆ. ತಿರುಗಿಸ್ರಿ."
ಕೊನೆಗೆ, ನನ್ನ ಕಿವಿಗೆ ಎಂದೂ ಸಿಗದ ಯಾವುದೋ ಸದ್ದಿಗೆ,
"ಆತು. ಇಳಿಸ್ರಿ."

ಒಮ್ಮೆಯೂ ತಪ್ಪಲಿಲ್ಲ.
ಅನ್ನ ಬಿಡಿಬಿಡಿ,
ಮಾಂಸ ಎಲುಬಿನ ಹಂಗು ಬಿಟ್ಟು.

ಇನಾಸ ಒಂದು ಸಲ ತಟ್ಟೆ ಚಾಚಿದ:
"ಒಂದೇ ತುತ್ತು, ಅಯ್ನೋರೇ, ನೀವೇ ಬೇಯಿಸಿದ್ದು."
"ದಿನಾ ಹಳಿ ತಟ್ತೀನಿ. ಹಳಿ ತಿಂತೀನೇನಲೇ?"
ನಕ್ಕೆವು. ಅವನೂ ನಕ್ಕ.
ಟವೆಲು ಬಿಚ್ಚಿದ್ದು ಮಾತ್ರ
ಕೈ ತೊಳೆದು, ಆಚೆ ಸಿಗ್ನಲ್ ಕಂಬ ದಾಟಿದ ಮೇಲೆ.

ಈಗ ಬ್ರಾಡ್ ಗೇಜು. ಹಟ್ಟಿಗೆ ಬಾಗಿಲಿಲ್ಲ.
ನಾನೂ ಯಾವಾಗಲಾದರೂ ಮಾಡುತ್ತೇನೆ, ಕಿಟಕಿ ಹಾಕಿಕೊಂಡು.
ಸೌಟಿನ ಹಿಡಿಯಿಂದ ತಟ್ಟಿ ಕಣ್ಣು ಮುಚ್ಚುತ್ತೇನೆ.
ಏನೂ ಕೇಳಿಸುವುದಿಲ್ಲ.
ತಡೆಯದೆ ಮುಚ್ಚಳ ತೆಗೆಯುತ್ತೇನೆ, ಹಬೆ ಹೋಗುತ್ತದೆ,
ಅನ್ನ ಮುದ್ದೆ.
ಮಕ್ಕಳು ಚೆನ್ನಾಗಿದೆ ಅನ್ನುತ್ತವೆ.
ತಳ ಹಿಡಿದದ್ದನ್ನು ನಾನು ಕೆರೆದುಕೊಳ್ಳುತ್ತೇನೆ.