ಅವಧಿಗೆ ಮೊದಲಿನ ಗಂಟೆಗಳು

ಪ್ರಶ್ನೆ ನಾಲ್ಕು: ಈಗಿರುವ ಸೌಲಭ್ಯವನ್ನು ವಿವರಿಸಿ.
ಇನ್ನೂರೈವತ್ತು ಪದ ಮೀರಬಾರದು.

ಓಡಿಲ್ ಗಿಡ್ರಿ ಕನ್ನಡಕ ಒರೆಸಿಕೊಂಡು ಬರೆಯುತ್ತಾಳೆ:
ಮಡಚುವ ಮೇಜು ಒಂದು, ಬಿಂಗೊ ಆಡುವವರದು.
ವೈರ್‌ಲೆಸ್ಸು ಎರಡು. ಒಂದಕ್ಕೆ ಬರೀ ಕಿವಿ,
ಇನ್ನೊಂದಕ್ಕೆ ಬರೀ ಬಾಯಿ.
ಸೀಗಡಿ ಸಾಗಿಸುವ ಲಾರಿ ಒಂದು, ಎರವಲು ತಂದದ್ದು,
ವಾಸನೆ ಸಮೇತ ಹಿಂತಿರುಗಿಸಲಾಗಿದೆ.

ಕೊನೆಯ ಸಾಲು ಹೊಡೆದುಹಾಕುತ್ತಾಳೆ.
ವಾಷಿಂಗ್ಟನ್ನಿನಲ್ಲಿ ಇದನ್ನು ಓದುವವರು ನಗುವುದಿಲ್ಲ.

ಹೊಳೆಗೆ ಸುರಿದರೂ ಅಳೆದು ಸುರಿ,
ಅರ್ಜಿ ಮಾಡಿದವರಿಗೆ ಆ ಗಾದೆ ಗೊತ್ತಿದ್ದಂತಿದೆ.
ಆದರೆ ಆ ಆಗಸ್ಟಿನಲ್ಲಿ
ಲೂಸಿಯಾನಾದ ತುದಿಯ ಈ ಪುಟ್ಟ ಊರಿಗೆ
ಹಿತ್ತಿಲಲ್ಲಿ ಮೊಸಳೆಯಂತೆ ಮಲಗಿದ್ದ ಬಾಯೂ
ಎದ್ದು ಬಂತು, ಅಳೆಯದೆ ಸುರಿಯಿತು.
ಅಗ್ನಿಶಾಮಕ ಠಾಣೆಯ ನಕ್ಷೆ ಗೋಡೆಯ ಜೊತೆಗೇ ಹೋಯಿತು.

ಆ ರಾತ್ರಿ ಊರಿನ ತಲೆ ಇದ್ದದ್ದು ಸೀಗಡಿ ಲಾರಿಯ ಹೊಟ್ಟೆಯಲ್ಲಿ.
ಪಿಟ್ಸಾ ಡಬ್ಬಿಯ ಮುಚ್ಚಳ ಬಿಡಿಸಿ
ನೆನಪಿನಿಂದ ಬೀದಿಗಳನ್ನು ಬರೆದವಳು ಇವಳು.
ಅದರ ಮೇಲೆ ಟಾರ್ಚು ಹಿಡಿದು ನಿಂತವನು
ಬಲೆ ಹೆಣೆಯುವ ತೆಲೆಸ್ಫೋರ್ ದಾರ್ದಾರ್, ವಯಸ್ಸು ಎಪ್ಪತ್ತೊಂದು.
ಕಾಲಿಗೆ ನೀರು. ಕೈ ಅಲುಗಲಿಲ್ಲ.

ಸೇಂಟ್ ಆನ್‌ನಲ್ಲಿ ಆರು ಜನ, ಛಾವಣಿ ಮೇಲೆ,
ಎಂದಿತು ಕಿವಿಯಿದ್ದ ವೈರ್‌ಲೆಸ್ಸು.
ಯಾವ ಸೇಂಟ್ ಆನ್? ಬೀದಿಯೋ, ಓಣಿಯೋ?
ಕೇಳಲು ಅದಕ್ಕೆ ಬಾಯಿಲ್ಲ.
ಓಡಿಲ್ ದೋಣಿಯನ್ನು ಬೀದಿಗೆ ಕಳಿಸಿದಳು.
ಓಣಿಗೆ ಹೋಗುವಷ್ಟರಲ್ಲಿ ಆರರಲ್ಲಿ ನಾಲ್ಕು.

ಇದನ್ನು ಅರ್ಜಿಯಲ್ಲಿ
‘ಸಂವಹನ ಸಾಮರ್ಥ್ಯದ ಕೊರತೆ’ ಎಂದು ಬರೆಯಬೇಕು.
ಬರೆದಳು.

ಬೆಳಕು ಹರಿದ ಮೇಲೆ ತೆಲೆಸ್ಫೋರ್
ಟಾರ್ಚನ್ನು ಮೇಜಿನ ಮೇಲಿಟ್ಟು ಮನೆ ಇದ್ದ ಕಡೆ ನಡೆದ.
ಜನವರಿಯಲ್ಲಿ ಶ್ವಾಸಕೋಶ ಕೈಬಿಟ್ಟಿತು.

ಪ್ರಶ್ನೆ ಒಂಬತ್ತು: ನಗರದ ಪಾಲು, ನೂರಕ್ಕೆ ಇಪ್ಪತ್ತೈದು.
ನಗದಿಲ್ಲವೇ, ದುಡಿಮೆಯೂ ನಡೆಯುತ್ತದೆ, ಗಂಟೆಗಿಷ್ಟು ಎಂದು.
ಗುಂಬೊ ಕುದಿಸಿ ಮಾರಿದ ಭಾನುವಾರಗಳು,
ಸಿಮೆಂಟು ಕಲಸಿದ ಹೈಸ್ಕೂಲು ಹುಡುಗರ ಸಂಜೆಗಳು,
ಪಾದ್ರಿಯ ವೆಲ್ಡಿಂಗು. ಕೂಡಿದಳು, ಮತ್ತೆ ಕೂಡಿದಳು.
ಹದಿನಾಲ್ಕು ಗಂಟೆ ಕಡಿಮೆ.

ಪೆನ್ನು ತಾನಾಗಿಯೇ ಬರೆಯಿತು:
ದಾರ್ದಾರ್, ಟಿ., ಬೆಳಕು ಹಿಡಿದದ್ದು, ಹನ್ನೊಂದು ಗಂಟೆ.

ಒಂದು ವಾರಕ್ಕೆ ಫೋನು. ಆ ಕಡೆ ಮೆತ್ತನೆ ದನಿಯ ಹುಡುಗ.
“ಮೇಡಂ, ಅನುದಾನದ ಅವಧಿಗೆ ಮೊದಲಿನ ಸೇವೆಯನ್ನು
ಲೆಕ್ಕಕ್ಕೆ ಹಿಡಿಯುವಂತಿಲ್ಲ.”
“ನೀರೂ ಅವಧಿಗೆ ಮೊದಲೇ ಬಂತಲ್ಲಪ್ಪ.”
ಅವನು ಸ್ವಲ್ಪ ಹೊತ್ತು ಸುಮ್ಮನೆ ಉಸಿರಾಡಿದ.
ಆಮೇಲೆ ಪುಟದ ಸಂಖ್ಯೆ ಹೇಳಿದ.

ಹದಿನಾಲ್ಕನ್ನೂ ಅವಳೇ ತುಂಬಿದಳು,
ಎರಡು ಶನಿವಾರ ಬೇಲಿಗೆ ಬಣ್ಣ ಬಳಿದು,
ಮಂಡಿಗೆ ಬಟ್ಟೆ ಕಟ್ಟಿಕೊಂಡು.

ಮರುವರ್ಷ ಗಾಡಿ ಬಂತು. ಮೂವತ್ತೆರಡು ಅಡಿ ಉದ್ದ,
ಹೊಟ್ಟೆಯೊಳಗೆ ಆರು ಪರದೆ, ನೆತ್ತಿಯಲ್ಲಿ
ಬೇಕೆಂದಾಗ ನಿಗುರುವ ಕಂಬ.
ಮೇಯರ್ ರಿಬ್ಬನ್ ಕತ್ತರಿಸಿದರು, ಬ್ಯಾಂಡಿನವರು ಬಾರಿಸಿದರು,
ಒಳಗೆ ಬಿಡಲು ಹೋದರೆ
ಠಾಣೆಯ ಬಾಗಿಲಿಗಿಂತ ಒಂಬತ್ತು ಅಂಗುಲ ಎತ್ತರ!
ಅಷ್ಟೆಲ್ಲ ಅಳೆದವರು
ಬಾಗಿಲೊಂದನ್ನು ಅಳೆದಿರಲಿಲ್ಲ.

ಈಗ ಅದು ಬಿಂಗೊ ಹಾಲಿನ ಹಿಂದೆ ನಿಂತಿದೆ,
ಟಾರ್ಪಾಲು ಹೊದ್ದು.
ಕುರ್ಚಿಗೊಂದು, ಪರದೆಗೊಂದು, ಕಾಫಿ ಯಂತ್ರಕ್ಕೂ ಒಂದು
ನಂಬರಿನ ಚೀಟಿ ಅಂಟಿಸಿದ್ದಾಳೆ.
ಲೆಕ್ಕ ತಪಾಸಣೆಯವರು ಬಂದು ಎಣಿಸಿ ಹೋದರು.

ಚಾಲಕನ ಸೀಟಿನ ಹಿಂದೆ, ಕೊಕ್ಕೆಗೆ,
ತುಕ್ಕು ಹಿಡಿದ ಟಾರ್ಚೊಂದು ತೂಗುತ್ತದೆ.
ಅದಕ್ಕೆ ಚೀಟಿಯಿಲ್ಲ.
ತಿಂಗಳಿಗೊಮ್ಮೆ ಸೆಲ್ಲು ಬದಲಿಸುತ್ತಾಳೆ,
ರಸೀದಿ ಇಟ್ಟುಕೊಳ್ಳುವುದಿಲ್ಲ.