ಮೂರನೆಯ ಬೀದಿ

ಊಟದ ಮೇಜಿನ ಮೇಲಿನ ಬಂಗುಡೆ ಸಾರಿನ ಕಲೆ ಒರೆಸಿ
ಇವರು ನಕಾಶೆ ಬಿಡಿಸಿದರು.
ಸುರುಳಿಗೊಳ್ಳದಂತೆ ನಾಲ್ಕು ಮೂಲೆಗೆ ನಾಲ್ಕು ಭಾರ:
ಉಪ್ಪಿನ ಭರಣಿ, ಕನ್ನಡಕದ ಡಬ್ಬಿ, ಟಾರ್ಚು,
ನನ್ನ ಪಿಂಚಣಿಯ ಪುಸ್ತಕ.

ಮೂವತ್ತೊಂದು ವರ್ಷ ಹಡಗಿನ ಅಡುಗೆಮನೆಯಲ್ಲಿ ಬೆಂದವರು ಇವರು.
ನಾನು ನೆಲ್ಲಿಕುಂಜೆಯ ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತ
ಮಂಗಳೂರಿನಾಚೆ ಕಾಲಿಡದವಳು.
ಆದರೂ ಮೆಕ್ಸಿಕೋ ಎಂದದ್ದು ನಾನೇ ಮೊದಲು.
ತಮಾಷೆ ಅಂದುಕೊಂಡರು.
ಮೂರು ದಿನವಾದರೂ ನಾನು ನಗದಿದ್ದಾಗ
ಅಟ್ಟದಿಂದ ನಕಾಶೆ ಇಳಿಯಿತು.

ಕಡಲು ಹೇಗೂ ಹಿತ್ತಿಲಿಗೆ ಬಂದಾಗಿದೆ,
ಈ ಆಟಿಯಲ್ಲಿ ಎರಡು ತೆಂಗು ಕೊಂಡುಹೋಯಿತು.
ತಡೆಗೋಡೆ ಕಟ್ಟುತ್ತೇವೆಂದು ಬಂದವರು
ಅಳತೆ ತೆಗೆದರು, ಚಾ ಕುಡಿದರು, ಹೋದರು.
ಎಲ್ಲಿಗಾದರೂ ಏಳಲೇಬೇಕು.
ಏಳುವುದೇ ಆದರೆ
ಚೆರ್ಕಳದ ಫ್ಲಾಟಿಗೇ ಯಾಕೆ?

ವೆರಾಕ್ರೂಸ್, ಎಂದರು. ಬೆರಳು ಬಲಗಡೆಯ ತೀರದಲ್ಲಿ.
ಕಾಫಿ ಚೆನ್ನ. ಸಂಜೆ ಚೌಕದಲ್ಲಿ ಮುದುಕ ಮುದುಕಿಯರೇ ಕುಣಿಯುತ್ತಾರೆ.
ಸೂರ್ಯ ಎಲ್ಲಿ ಮುಳುಗುತ್ತಾನೆ?
ಮನೆಗಳ ಹಿಂದೆ.
ಹಾಗಾದರೆ ಬೇಡ.
ಹುಟ್ಟಿದಂದಿನಿಂದ ಅವನನ್ನು ಕಡಲಿಗೊಪ್ಪಿಸಿಯೇ ದೀಪ ಹಚ್ಚಿದವಳು ನಾನು,
ಈ ವಯಸ್ಸಿನಲ್ಲಿ ಲೆಕ್ಕ ತಲೆಕೆಳಗು ಮಾಡಲಾರೆ.

ಪ್ರೊಗ್ರೆಸೊ.
ಊರು ಹೇಗಿದೆ?
ಜೆಟ್ಟಿ ಬಹಳ ಉದ್ದ.
ಊರು?
ಹೇಳಿದೆನಲ್ಲ, ಮೈಲುಗಟ್ಟಲೆ ಉದ್ದ.

ಮಸತ್ಲಾನ್. ಗುಡ್ಡದ ನೆತ್ತಿಯಲ್ಲಿ ದೀಪಸ್ತಂಭ, ಸಿಗಡಿ ಅಗ್ಗ.
ಮೀನು ಮಾರುವವರು ಹೆಂಗಸರೋ ಗಂಡಸರೋ?
ಬಾವಿಯ ನೀರು ಬೇಸಗೆಯಲ್ಲಿ ಉಪ್ಪಾಗುತ್ತದೋ?
ಜ್ವರ ಬಂದರೆ ಗಂಜಿಗೆ ಅಕ್ಕಿ ಯಾವುದು?
ಇವರು ಖಾಲಿ ಲೋಟವನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು.

ಆಗ ಗೊತ್ತಾಯಿತು.
ನಲವತ್ತು ದೇಶದ ಮುದ್ರೆ ಬಿದ್ದ ಈ ಮನುಷ್ಯ
ಒಂದೇ ಒಂದು ಊರಿನ ಮೂರನೆಯ ಬೀದಿ ಕಂಡಿಲ್ಲ.
ಬಂದರು, ಫೋನಿನ ಬೂತು, ಸೆಂಟು ಸಾಬೂನಿನ ಅಂಗಡಿ,
ಮತ್ತೆ ಹಡಗಿನ ಏಣಿ.
ಇಷ್ಟು ವರ್ಷ ಇವರು ತಂದ ಸಾಬೂನುಗಳನ್ನು
ಸೀರೆಗಳ ನಡುವೆ ಇಟ್ಟು
ಲೋಕವೆಂದರೆ ಇದೇ ಪರಿಮಳ ಅಂದುಕೊಂಡಿದ್ದೆ.

ನಫೀಸ ಬೇಲಿಯಾಚೆಯಿಂದ ಕೇಳುತ್ತಾಳೆ, ಭಾಷೆ ಬರಬೇಕಲ್ಲ ಟೀಚರೇ?
ಏನು ಭಾಷೆ!
ಲೆಕ್ಕ ಕನ್ನಡದಲ್ಲಿ, ಜಗಳ ತುಳುವಿನಲ್ಲಿ,
ಮತ್ತಿ ಮೀನಿನ ಚೌಕಾಸಿ ಮಲೆಯಾಳದಲ್ಲಿ,
ನಿನ್ನ ಜೊತೆ ಗುಟ್ಟು ಬ್ಯಾರಿಯಲ್ಲಿ.
ಐದನೆಯದಕ್ಕೂ ಒಂದು ಗೂಟ ಹೊಡೆದರಾಯಿತು.
ಕರೆಂಟು ಆಫೀಸಿನ ನೋಟೀಸು ಬಂದರೆ
ಇಲ್ಲಿ ನಿನ್ನ ಮೊಮ್ಮಗ ಓದಿ ಹೇಳುತ್ತಾನೆ;
ಅಲ್ಲಿಯೂ ಯಾರದಾದರೂ ಮೊಮ್ಮಗ ಇದ್ದೇ ಇರುತ್ತಾನೆ.
ನನ್ನ ಅಪ್ಪ ಇದೇ ಜಗಲಿಯಲ್ಲಿ ಕುಳಿತಿದ್ದಂತೆ
ರಾಜ್ಯ ಬದಲಾಯಿತು,
ಚಪ್ಪಲಿ ಕೂಡ ಮೆಟ್ಟಿರಲಿಲ್ಲ.
ನಾನು ಮೆಟ್ಟಿಕೊಂಡು ಹೋಗುತ್ತೇನೆ, ಅಷ್ಟೇ.

ರಾತ್ರಿ ದೀಪ ಆರಿಸಿದ ಮೇಲೆ ಇವರು ಹೇಳಿದರು:
ಮಾನ್ಸನೀಯೊದಲ್ಲಿ ಒಮ್ಮೆ ಏಣಿಯಿಂದ ಬಿದ್ದಿದ್ದೆ.
ನಿನಗೆ ಬರೆಯಲಿಲ್ಲ.
ಕಾಲಿಗೆ ಪಟ್ಟಿ ಬಿಗಿದು, ಹಡಗು ಬಿಟ್ಟುಹೋಗಿ, ನಲವತ್ತು ದಿನ
ಓಫೆಲಿಯಾ ಎಂಬ ಅಜ್ಜಿಯ ಮಾಳಿಗೆಯಲ್ಲಿ.
ಬೆಳಿಗ್ಗೆ ಒಬ್ಬ ಸೋರೆಬುರುಡೆ ಹೊತ್ತು ಬರುತ್ತಿದ್ದ,
ತೂಬಾ, ತೂಬಾ, ಎಂದು ಕೂಗುತ್ತ.
ತೂಬು ಅಂದರೆ ಕೆರೆಯದ್ದಲ್ಲವೇ, ಅಂದೆ.
ಅಲ್ಲ ಮಾರಾಯ್ತಿ, ಕಳ್ಳು. ನಮ್ಮದೇ ತೆಂಗಿನದು, ಸಿಹಿ.
ಕುಡಿದು ಅತ್ತಿದ್ದೆ.

ನಾನು ದೀಪ ಹಾಕಿದೆ.

ಕ್ಯಾಲೆಂಡರಿನ ಹಿಂಬದಿಯಲ್ಲಿ ಇವರು ಬರೆದರು:
ಬಂದರು. ಅಂಗಡಿ ಬೀದಿ. ಇಗರ್ಜಿಯ ಬೀದಿ.
ಊರುಗೋಲಿನಲ್ಲಿ ನಡೆದ ಏರು, ಅದು ಮೂರನೆಯದು.
ಏರು ಮುಗಿಯುವಲ್ಲಿ ಎಡಕ್ಕೋ ಬಲಕ್ಕೋ
ನೆನಪಾಗದೆ ಪೆನ್ಸಿಲು ನಿಂತಿತು.

ಕಾದೆ. ಗಂಟೆ ಎರಡಾಯಿತು;
ಅಲ್ಲಿ ಇನ್ನೂ ನಿನ್ನೆಯ ಮಧ್ಯಾಹ್ನವಂತೆ.
ಕೊನೆಗೆ ಪೆನ್ಸಿಲು ಕಸಿದು
ಅದು ನಿಂತಲ್ಲಿಯೇ
ಒಂದು ಬಾವಿ ಬರೆದೆ,
ಕಟ್ಟೆಯ ಮೇಲೆ ನನ್ನ ಚಪ್ಪಲಿ.